ಮಲಗಿ ನೋಡುವ ಮನೆ

ನಮ್ಮೂರಿನಲ್ಲಿ ಮನೆ ಕೊಳ್ಳುವವರು ಗೋಡೆ ತಟ್ಟಿ ನೋಡುವುದಿಲ್ಲ, ತೊಲೆ ಎಣಿಸುವುದಿಲ್ಲ. ಬರುತ್ತಾರೆ, ಕೈಕಾಲು ತೊಳೆಯುತ್ತಾರೆ, ಊಟ ಮಾಡುತ್ತಾರೆ, ಚಾಪೆ ಕೇಳುತ್ತಾರೆ. ಒಂದು ಗಂಟೆ ಮಲಗಿ ಎದ್ದು, ಹೇಳಿ ಕಳಿಸ್ತೀವಿ ಅಂತ ಹೋಗುತ್ತಾರೆ. ಆ ಒಂದು ಗಂಟೆಯಲ್ಲಿ ಅವರಿಗೆ ಮನೆಯ ಕನಸು ಬೀಳುತ್ತದೆ. ಹೊರಗಿನವರಿಗೆ ಮಾತ್ರ, ಅದೂ ಮಧ್ಯಾಹ್ನದ ನಿದ್ದೆಯಲ್ಲಿ ಮಾತ್ರ. ಮನೆಯವರಿಗೆ ತಮ್ಮ ಮನೆಯ ಕನಸು ಯಾವತ್ತೂ ಬೀಳುವುದಿಲ್ಲ. ಏನು ಕಂಡಿತು ಅಂತ ಅವರಿಗೆ ಹೇಳುವ ಹಾಗೂ ಇಲ್ಲ, ಹೇಳಿದರೆ ಆ ಮನೆಯ ಮಾನ ತೆಗೆದ ಹಾಗೆ. ಅದಕ್ಕೇ ನಮ್ಮ ಕಡೆ ಬೀಗರು ಬಂದರೆ, ಎಷ್ಟೇ ತೂಕಡಿಕೆ ಬರಲಿ, ಊಟ ಮುಗಿಸಿ ಅಂಗಳದ ಮರದ ಕೆಳಗೇ ಉರುಳಿಕೊಳ್ಳುತ್ತಾರೆ. ಬಸ್ ಸ್ಟ್ಯಾಂಡಿನ ಲಾಡ್ಜಿನಲ್ಲಿ ಮಧ್ಯಾಹ್ನ ಮಲಗಿದವರಿಗೆಲ್ಲ ಬೀಗದಕೈ ಹುಡುಕುವ ಕನಸು ಬೀಳುತ್ತದಂತೆ. ಅದೊಂದನ್ನು ಊರವರು ಬಾಯಿ ಬಿಟ್ಟು ಆಡಿಕೊಂಡು ನಗುತ್ತಾರೆ, ಲಾಡ್ಜಿಗೆಂಥ ಮಾನ ಅಂತ.

ನನ್ನ ಮನೆಯಲ್ಲಿ ಚೈತ್ರದಿಂದ ಆಶ್ವಯುಜದವರೆಗೆ ಒಂಬತ್ತು ಮಂದಿ ಮಲಗಿ ಎದ್ದು ಹೋದರು. ಒಬ್ಬರೂ ಹೇಳಿ ಕಳಿಸಲಿಲ್ಲ.

ನನ್ನ ಹೆಸರು ತಾರಾಮಣಿ. ಮದುವೆಯಾಗಿ ಈ ಮನೆಗೆ ಬಂದಾಗ ತವರಿನಿಂದ ಒಂದು ಹೊಲಿಗೆ ಮೆಷಿನ್ ತಂದಿದ್ದೆ. ಆಗ ಈ ಬೀದಿಯ ಹೆಂಗಸರು ರವಿಕೆ ಬಟ್ಟೆ ಹಿಡಿದುಕೊಂಡು ನನ್ನ ಬಾಗಿಲಿಗೇ ಬರುತ್ತಿದ್ದರು. ನಾನು ಕತ್ತರಿಸಿದ ರವಿಕೆ ಕೊರಳು ಅಂದರೆ ಅಷ್ಟು ಹೆಸರು. ಹನ್ನೊಂದು ವರ್ಷದ ಹಿಂದೆ ನಮ್ಮತ್ತೆ ಬಚ್ಚಲಿನಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡರು. ಅವತ್ತು ಮೆಷಿನ್ನಿಗೆ ಹೊದಿಸಿದ ಹಳೇ ಸೀರೆ ಹಾಗೇ ಇತ್ತು. ಅತ್ತೆ ಒಳಕೋಣೆಯ ಮಂಚ ಹಿಡಿದರು, ನಾನು ಅವರನ್ನು ಹಿಡಿದೆ. ತೊಳೆಯುವುದು, ಒರೆಸುವುದು, ಮಗ್ಗುಲು ಬದಲಿಸುವುದು, ಉಣಿಸುವುದು, ಉಣಿಸಿದ್ದಕ್ಕೆ ಬೈಸಿಕೊಳ್ಳುವುದು. ನಮಗೆ ಮಕ್ಕಳಾಗಲಿಲ್ಲ, ಅದು ಬೇರೆ ಕಥೆ. ನನ್ನ ಗಂಡ ನಾಗಭೂಷಣ ಊರಿನ ನೀರಿನ ಟ್ಯಾಂಕಿನಲ್ಲಿ ವಾಲ್ವು ತಿರುಗಿಸುವ ಕೆಲಸದಲ್ಲಿದ್ದಾರೆ. ಬೆಳಿಗ್ಗೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುತ್ತಾರೆ. ಅವರನ್ನು ದೂರಿ ಏನು ಮಾಡಲಿ, ಊರಿಗೆಲ್ಲ ನೀರು ಬಿಡಬೇಕಲ್ಲ.

ಹೋದ ಮಾಘದಲ್ಲಿ ಅತ್ತೆ ತೀರಿಕೊಂಡರು. ತಿಥಿ ಮುಗಿಸಿ ಮನೆ ತೊಳೆದ ದಿನವೇ ನಾನು ಗಂಡನಿಗೆ ಹೇಳಿದೆ, "ನನಗೆ ಈ ಮನೆ ಸಾಕಾಗಿದೆ ರೀ. ಕೊಟ್ಟುಬಿಡೋಣ." ಅವರು "ಹೂಂ" ಅಂದರು. ಪೇಟೆ ಬೀದಿಯಲ್ಲಿ ಬಳೆ ಅಂಗಡಿಯ ಮೇಲೆ ಎರಡು ಕೋಣೆಯ ಮನೆಯೊಂದಿದೆ. ಮುಂದಿನ ಕೋಣೆಗೆ ಬೀದಿ ಕಡೆಗೊಂದು ದೊಡ್ಡ ಕಿಟಕಿ. ಅಲ್ಲಿ ಮೆಷಿನ್ ಹಾಕಿಕೊಂಡು ಕೂತರೆ ಇಡೀ ಪೇಟೆ ಕಾಣುತ್ತದೆ, ಪೇಟೆಗೆಲ್ಲ ನಾನೂ ಕಾಣುತ್ತೇನೆ. ನಾನೂ ಹೋಗಿ ಮಲಗಿ ನೋಡಿದ್ದೆ. ಏನು ಬಿತ್ತು ಅಂತ ಹೇಳುವ ಹಾಗಿಲ್ಲ, ಆದರೆ ಬಳೆಯವರ ಮನೆಯಲ್ಲಿ ಬೇರೇನು ತಾನೇ ಬಿದ್ದೀತು, ನಿಮಗೇ ಗೊತ್ತಾಗುತ್ತದೆ. ಅದರ ಯಜಮಾನ ಕಮಲಾಕ್ಷಣ್ಣ ಒಳ್ಳೆಯವರು. "ಕಾರ್ತಿಕ ಮುಗಿಯೋವರೆಗೂ ಯಾರಿಗೂ ಕೊಡಲ್ಲ ತಾರಮ್ಮ. ಅದಾದ ಮೇಲೆ ನನ್ನ ಕೇಳಬೇಡಿ, ಅಳಿಯ ಕಾಯ್ತಾ ಕೂತಿದಾನೆ" ಅಂದಿದ್ದರು. ಈ ಮನೆ ಹೋಗದೆ ಆ ಮನೆ ಬರುವ ಹಾಗಿರಲಿಲ್ಲ. ನನಗೆ ನಲವತ್ತೊಂಬತ್ತು. ಈ ಸಲ ಆ ಕಿಟಕಿ ಕೈಬಿಟ್ಟರೆ ಇನ್ನೊಂದು ಕಿಟಕಿ ಹುಡುಕುವ ಶಕ್ತಿ ನನ್ನಲ್ಲಿರಲಿಲ್ಲ.

ನಮ್ಮ ಊರಿನ ಮನೆ ದಲ್ಲಾಳಿ ಜಯಶೀಲಮ್ಮ. ಅರವತ್ತು ದಾಟಿದ ಹೆಂಗಸು, ಕಂಕುಳಲ್ಲಿ ಛತ್ರಿ, ಬಾಯಲ್ಲಿ ಎಲೆಅಡಿಕೆ, ಚೀಲದಲ್ಲಿ ಸ್ವಂತದ ಒಂದು ತಲೆದಿಂಬು. ಮೊದಲ ದಿನವೇ ಬಂದು ಮಲಗಿ ಎದ್ದರು. ಎದ್ದವರು ಮುಖ ಒರೆಸಿಕೊಂಡು, ನನ್ನನ್ನು ಒಂಥರಾ ನೋಡಿದರು.

"ನಿನ್ನ ಮನೆ ಬಹಳ ದಣಿದಿದೆ ಕಣೇ ತಾರಾ."

"ಮನೆ ಏನು ದಣಿಯತ್ತೆ, ದಣಿದಿರೋಳು ನಾನು. ಏನಾದ್ರೂ ಕೆಟ್ಟದ್ದು ಬಿತ್ತಾ?"

"ಬಾಯಿ ಮುಚ್ಚು. ಅದನ್ನೆಲ್ಲ ಕೇಳ್ತಾರೇನೇ?" ಅಂದು ಎಲೆಗೆ ಸುಣ್ಣ ಹಚ್ಚತೊಡಗಿದರು. ಕಾಫಿ ತರೋಣ ಅಂತ ನಾನು ಎದ್ದರೆ, "ನೀನು ಕೂತ್ಕೋ, ಏಳಬೇಡ" ಅಂತ ತಾವೇ ಅಡಿಗೆಮನೆಗೆ ಹೋಗಿ ನೀರು ಕುಡಿದು ಬಂದರು. ನನಗೆ ಅವತ್ತೇ ಅನುಮಾನ ಬಂತು. ಕಾಫಿ ಅಂದರೆ ಪ್ರಾಣ ಬಿಡುವ ಹೆಂಗಸು ನನ್ನ ಕೈಯ ಕಾಫಿ ಬೇಡ ಅಂದರೆ ಏನರ್ಥ?

ಮಲಗಿ ಎದ್ದ ಒಂಬತ್ತು ಮಂದಿಯೂ ಹಾಗೇ ಮಾಡಿದರು. ಸೊಸೈಟಿ ಗುಮಾಸ್ತೆ, ಅವನ ಹೆಂಡತಿ, ಅಕ್ಕಿ ಗಿರಣಿಯವರು, ಹೊಸದಾಗಿ ಮದುವೆಯಾದ ಮೇಷ್ಟ್ರು, ಎಲ್ಲರೂ ಏಳುವುದು, ನನ್ನ ಮುಖ ನೋಡುವುದು, "ನೀವು ಕೂತಿರಿ ಅಮ್ಮ, ಏಳಬೇಡಿ" ಅನ್ನುವುದು. ತಮ್ಮ ಚಾಪೆ ತಾವೇ ಸುತ್ತಿಟ್ಟು, ಲೋಟ ತೊಳೆದಿಟ್ಟು, ಬೆಕ್ಕಿನ ಹೆಜ್ಜೆ ಹಾಕಿಕೊಂಡು ಹೋಗಿಬಿಡುವುದು. ಗಿರಣಿಯವರಂತೂ ಹೊಸಿಲು ದಾಟುವಾಗ ನನಗೆ ಕೈ ಮುಗಿದರು. ನನಗೆ ಮೈಯೆಲ್ಲ ಉರಿಯಿತು. ಇವರೇನು ಕಂಡಿದ್ದಾರೆ ಅಂತ ನನಗೆ ಗೊತ್ತಿತ್ತು, ಅಥವಾ ಗೊತ್ತಿದೆ ಅಂದುಕೊಂಡಿದ್ದೆ.

ಅದನ್ನೂ ಹೇಳಿಬಿಡುತ್ತೇನೆ, ಮುಚ್ಚಿಟ್ಟು ಯಾರಿಗೇನು ಆಗಬೇಕಿದೆ. ನಾಲ್ಕು ವರ್ಷದ ಹಿಂದಿನ ಒಂದು ಬೇಸಿಗೆ ಮಧ್ಯಾಹ್ನ. ಬೆಳಗಿನಿಂದ ಮೂರು ಸಲ ಹಾಸಿಗೆ ಬದಲಿಸಿದ್ದೆ. ಊಟದಲ್ಲಿ ಉಪ್ಪಿಲ್ಲ ಅಂತ ಅತ್ತೆ ತಟ್ಟೆ ತಳ್ಳಿದ್ದರು. ಎಲ್ಲ ಬಳಿದು, ಕೈ ತೊಳೆದು, ಒಂದು ಲೋಟ ಕಾಫಿ ಹಿಡಿದು ಹಿತ್ತಲ ಮೆಟ್ಟಿಲಿನ ಮೇಲೆ ಕೂತೆ. ಕೂತಿದ್ದೇ ತಡ, ಒಳಗಿಂದ "ತಾರೀ" ಅಂತ ಕೂಗು. ನನ್ನನ್ನು ತಾರೀ ಅಂತ ಕರೆಯುತ್ತಿದ್ದವರು ಅವರೊಬ್ಬರೇ. ಮತ್ತೆ "ತಾರೀ, ಏ ತಾರೀ." ನಾನು ಏಳಲಿಲ್ಲ. ಕೇಳಿಸಲಿಲ್ಲ ಅಂತಲ್ಲ, ಚೆನ್ನಾಗಿ ಕೇಳಿಸಿತು. ಮೂರನೇ ಸಲವೂ ಕರೆದರು, ಆಮೇಲೆ ನಿಲ್ಲಿಸಿದರು. ಕಾಫಿ ಕುಡಿಯುವ ಮನಸ್ಸೂ ಆಗಲಿಲ್ಲ, ಏಳುವ ಮನಸ್ಸೂ ಆಗಲಿಲ್ಲ, ಒಂದು ಗಂಟೆ ಹಾಗೇ ಕೂತಿದ್ದೆ. ಒಳಗೆ ಹೋದಾಗ ಅತ್ತೆ ಎಚ್ಚರವಾಗೇ ಇದ್ದರು. ಏನೂ ಅನ್ನಲಿಲ್ಲ. ಅವತ್ತಿನಿಂದ ಮಧ್ಯಾಹ್ನದ ಹೊತ್ತು ಅವರು ಕರೆಯುವುದನ್ನೇ ಬಿಟ್ಟರು. ಮುದುಕಿಗೆ ಮುನಿಸು, ಇರಲಿ ಬಿಡು, ನನಗೂ ಅಷ್ಟು ಹೊತ್ತು ಬಿಡುವು ಅಂತ ದಿನಾ ಅದೇ ಮೆಟ್ಟಿಲ ಮೇಲೆ ಕೂತು ನಾನೂ ಸುಮ್ಮನಾದೆ. ಸುಮ್ಮನಾದೆ ಅಂದರೆ ಬಾಯಿ ಸುಮ್ಮನಾಯಿತು. ಒಳಗೆ ಅದು ಮೀನಿನ ಮುಳ್ಳಿನ ಹಾಗೆ ಸಿಕ್ಕಿಕೊಂಡೇ ಇತ್ತು.

ಮನೆಯ ಕನಸು ಅದೇ ಇರಬೇಕು ಅಂತ ನನ್ನ ಲೆಕ್ಕ. ಮಂಚದ ಮೇಲೆ ಮುದುಕಿ ಕೂಗುತ್ತಿದ್ದಾಳೆ, ಸೊಸೆ ಕಲ್ಲಿನ ಹಾಗೆ ಕೂತಿದ್ದಾಳೆ. ಅಂಥವಳ ಕೈಯ ನೀರು ಯಾರಿಗೆ ಬೇಕು?

"ಕನಸು ತಿರುಗಿಸಬೇಕು" ಅಂದರು ಜಯಶೀಲಮ್ಮ. ಅದಕ್ಕೆ ನಮ್ಮಲ್ಲಿ ನಾನಾ ಉಪಾಯಗಳಿವೆ. ಬಾಣಂತಿ ಮಗುವನ್ನು ಪಕ್ಕದಲ್ಲಿ ಹಾಕಿಕೊಂಡು ಹನ್ನೆರಡು ಮಧ್ಯಾಹ್ನ ಮಲಗಿದರೆ ಮನೆ ಸಿಹಿಯಾಗುತ್ತದೆ ಅಂತಾರೆ. ಪಕ್ಕದ ಮನೆಯ ಮಂಗಳಗೌರಿ ಹೆರಿಗೆಗೆ ತವರಿಗೆ ಬಂದಿದ್ದಳು, ಅವಳನ್ನು ಕಾಡಿಬೇಡಿ ಕರೆದುಕೊಂಡು ಬಂದೆ. ಮೆಂತ್ಯದ ಕಡುಬು ಮಾಡಿ ಹಾಕಿದೆ, ಮಗುವಿಗೆ ನನ್ನದೇ ಸೀರೆಯಲ್ಲಿ ಜೋಲಿ ಕಟ್ಟಿದೆ. ನಾಲ್ಕು ದಿನ ಬಂದಳು. ಐದನೇ ದಿನ ಬಾಗಿಲಲ್ಲೇ ನಿಂತು, "ಅತ್ತೇ, ನನ್ನ ಕೈಲಾಗಲ್ಲ. ಎದ್ದ ಮೇಲೆ ಮೈ ಭಾರ ಆಗತ್ತೆ. ನೀವು ಮಾತ್ರ ಸ್ವಲ್ಪ ಕೂತ್ಕೊಳ್ಳಿ, ಇಷ್ಟು ಓಡಾಡಬೇಡಿ" ಅಂತ ಕಣ್ಣಲ್ಲಿ ನೀರು ತುಂಬಿಕೊಂಡು ಹೋದಳು. ಮೊನ್ನೆ ಹುಟ್ಟಿದ ಹುಡುಗಿ, ಅವಳೂ ನನಗೆ ಹೇಳುವ ಹಾಗಾಯಿತಲ್ಲ ಅಂತ ನನಗೆ ಅಳು ಬಂತು.

ಆಮೇಲೆ ನಾವೇ ಗಂಡ ಹೆಂಡತಿ ಕೈ ಹಾಕಿದೆವು. ಅತ್ತೆಯ ಮಂಚ ಬಿಚ್ಚಿ ಸೌದೆ ಮಂಡಿಗೆ ಕೊಟ್ಟೆ. ಒಳಕೋಣೆಗೆ ತಿಳಿ ಹಸಿರು ಬಣ್ಣ ಹೊಡೆಸಿದೆ. ಪಾತ್ರೆ ಕುಕ್ಕುವ ಸದ್ದು ಮನೆಗೆ ಕೇಳಿಸಬಾರದು ಅಂತ ಅಡಿಗೆಮನೆಯ ಹಲಗೆಗೆಲ್ಲ ಹಳೇ ಬಟ್ಟೆ ಹಾಸಿದೆ. ಹಿತ್ತಲ ಮೆಟ್ಟಿಲಿಗೆ ಅಡ್ಡ ಬರಲಿ ಅಂತ ಒಂದು ಡ್ರಮ್ ಇಟ್ಟೆ, ಅಲ್ಲಿ ಯಾರೂ ಕೂತೇ ಇರಲಿಲ್ಲ ಅನ್ನುವ ಹಾಗೆ. ನನ್ನ ಗಂಡ ಟ್ಯಾಂಕಿನಿಂದ ಮಧ್ಯಾಹ್ನ ಸೈಕಲ್ಲಿನಲ್ಲಿ ಬಂದು, ಒಳಕೋಣೆಯಲ್ಲಿ ನಿಂತು ಪೇಪರನ್ನು ಹುರುಪಿನ ದನಿಯಲ್ಲಿ ಗಟ್ಟಿಯಾಗಿ ಓದುತ್ತಿದ್ದರು. ನಡುನಡುವೆ "ಹಹ್ಹಹ್ಹಾ, ಕೇಳಿದೆಯಾ ತಾರಾ" ಅಂತ ನಗಬೇಕು. ನಾನು ಇತ್ತಲಿಂದ "ಹೂಂ ಹೂಂ, ಏನು ತಮಾಷೆ ಮಾಡ್ತೀರಪ್ಪ" ಅನ್ನಬೇಕು. ಇಪ್ಪತ್ತಾರು ವರ್ಷ ಹೂಂ ಅನ್ನುವುದೊಂದೇ ಮಾತಾಡಿದ ಗಂಡಸು, ಸೊಸೈಟಿ ಚುನಾವಣೆಯ ಸುದ್ದಿ ಓದಿ ನಗುವುದನ್ನು ನೋಡಿ ನನಗೇ ಪಾಪ ಅನ್ನಿಸುತ್ತಿತ್ತು. ಒಂದು ದಿನ ಓದುತ್ತಾ ಓದುತ್ತಾ ನಿಲ್ಲಿಸಿ, "ಸಾಕೇನೇ?" ಅಂದರು. "ಸಾಕು" ಅಂದೆ. ಇಬ್ಬರೂ ಗೋಡೆಗೆ ಒರಗಿ ಕೂತೆವು.

ಕಾರ್ತಿಕ ಅರ್ಧ ಕಳೆದಾಗ ಜಯಶೀಲಮ್ಮ ಹತ್ತನೆಯವರನ್ನು ಕರೆದುಕೊಂಡು ಬಂದರು. ಎಸ್ತರ್ ಅಂತ, ನದಿಯಾಚೆಯ ಊರಿನಿಂದ ನಮ್ಮ ಆಸ್ಪತ್ರೆಗೆ ವರ್ಗವಾಗಿ ಬಂದ ನರ್ಸು. ನಲವತ್ತರ ಹೆಂಗಸು, ಒಂಟಿ, ಗಟ್ಟಿ ಮೈ, ಮಾತು ನೇರ. ರಾತ್ರಿ ಡ್ಯೂಟಿ ಮುಗಿಸಿ ಸೀದಾ ಬಂದಿದ್ದರು. ಅನ್ನ ಸಾರು ಹಪ್ಪಳ ಹೊಟ್ಟೆ ತುಂಬ ಉಂಡು, "ಎಲ್ಲಿ ಬೇಕಾದ್ರೂ ಮಲಗಬಹುದಾ?" ಅಂತ ಕೇಳಿ, ಒಳಕೋಣೆಗೇ ಹೋಗಿ ಮಲಗಿದರು. ನಾನೂ ಜಯಶೀಲಮ್ಮನೂ ಪದ್ಧತಿಯಂತೆ ಜಗಲಿಯಲ್ಲಿ ಕೂತೆವು. ಗಂಟೆ ಕಳೆದ ಮೇಲೆ ಎಸ್ತರ್ ಸಿಸ್ಟರ್ ಕೂದಲು ಕಟ್ಟಿಕೊಳ್ಳುತ್ತಾ ಹೊರಗೆ ಬಂದರು.

"ನೀವು ಏಳಬೇಡಿ, ಕೂತಿರಿ" ಅಂದರು ನನಗೆ. ಮುಗಿಯಿತು ಕಥೆ ಅಂದುಕೊಂಡೆ. ಅಷ್ಟರಲ್ಲಿ ಅವರು ನನ್ನ ಪಕ್ಕದಲ್ಲೇ ಕೂತು ಕೇಳಿದರು, "ಆ ಅಜ್ಜಿ ಯಾರಮ್ಮ?"

ಜಯಶೀಲಮ್ಮನ ಬಾಯಿಂದ ಎಲೆಅಡಿಕೆ ಬೀಳುವುದೊಂದು ಬಾಕಿ. "ಅಯ್ಯಯ್ಯೋ ಸಿಸ್ಟರ್, ಅದನ್ನೆಲ್ಲ ಮನೆಯವರ ಹತ್ರ ಹೇಳಬಾರದು. ನಮ್ಮೂರಲ್ಲಿ ಹೇಳೋದಿಲ್ಲ. ಏಳಿ ಏಳಿ, ಹೋಗೋಣ."

"ಯಾಕೆ ಹೇಳಬಾರದು? ನಾನು ಕಂಡಿದ್ದು ಇವರನ್ನೇ ತಾನೇ?"

ನನಗೆ ಎಲ್ಲಿತ್ತೋ ರೇಗಿಹೋಯಿತು. "ಹೇಳಲಿ ಬಿಡಿ ಜಯಶೀಲಮ್ಮ. ಊರಿಗೆಲ್ಲ ಗೊತ್ತಾಗಿದೆ, ನನಗೊಬ್ಬಳಿಗೆ ಯಾಕೆ ಮುಚ್ಚುಮರೆ? ನಮ್ಮತ್ತೆ ನನ್ನ ಮೇಲೆ ಏನು ಚಾಡಿ ಹೇಳ್ತಿದಾರೋ ನಾನೂ ಒಂದು ಸಲ ಕೇಳಿಬಿಡ್ತೀನಿ. ಹೇಳಿ ಸಿಸ್ಟರ್, ಕೂಗ್ತಾ ಇದ್ರು ಅಲ್ವಾ? ನಾನು ಹೋಗ್ಲಿಲ್ಲ ಅಲ್ವಾ?"

ಎಸ್ತರ್ ಸಿಸ್ಟರ್ ನನ್ನನ್ನೇ ನೋಡಿದರು. "ಇಲ್ಲವಲ್ಲ. ಕೂಗಲೇ ಇಲ್ಲ."

ಜಯಶೀಲಮ್ಮ ಛತ್ರಿ ಹಿಡಿದುಕೊಂಡು ಆ ಕಡೆ ಮುಖ ತಿರುಗಿಸಿದರು. ಸಿಸ್ಟರ್ ಆಸ್ಪತ್ರೆಯಲ್ಲಿ ರೋಗಿಯ ಸ್ಥಿತಿ ಹೇಳುವ ಹಾಗೆ, ನಿಧಾನವಾಗಿ ಹೇಳಿದರು. "ನಾನೇ ಆ ಅಜ್ಜಿಯಾಗಿ ಮಂಚದ ಮೇಲಿದ್ದೆ. ಸೊಂಟದಿಂದ ಕೆಳಗೆ ನನ್ನದಲ್ಲ ಅನ್ನೋ ಹಾಗಿತ್ತು. ಬಾಯಾರಿಕೆ ಅಂದ್ರೆ ಬಾಯಾರಿಕೆ, ನಾಲಿಗೆ ಅಂಗುಳಿಗೆ ಅಂಟಿಕೊಂಡಿತ್ತು. ಮಲಗಿದಲ್ಲಿಂದ ಅಡಿಗೆಮನೆ ದಾಟಿ ಹಿತ್ತಲ ಬಾಗಿಲು ಕಾಣ್ತಿತ್ತು. ಬಾಗಿಲಲ್ಲಿ ನೀವು ಬೆನ್ನು ಹಾಕಿ ಕೂತಿದ್ರಿ. ತಲೆ ಚೌಕಟ್ಟಿಗೆ ಒರಗಿಸಿಕೊಂಡಿದ್ರಿ. ನಿಮ್ಮನ್ನ ಕರೀಬೇಕು ಅಂತ ನಾನು ಬಾಯಿ ತೆಗೀತೀನಿ. ಅಷ್ಟರಲ್ಲಿ, ಬೇಡ, ಈಗ ತಾನೇ ಕೂತಿದಾಳೆ, ಎದ್ರೆ ಇವಳು ಮತ್ತೆ ಕೂರೋಳಲ್ಲ, ಇನ್ನೊಂದು ಸ್ವಲ್ಪ ಹೊತ್ತು ಕೂತಿರ್ಲಿ ಅಂತ ಬಾಯಿ ಮುಚ್ಕೋತೀನಿ. ಮತ್ತೆ ತೆಗೀತೀನಿ, ಮತ್ತೆ ಮುಚ್ಕೋತೀನಿ. ಪೂರ್ತಿ ಅಷ್ಟೇ ಅಮ್ಮ, ಬೇರೇನೂ ಇಲ್ಲ." ಆಮೇಲೆ ಸ್ವಲ್ಪ ನಕ್ಕರು. "ಒಳಗೊಳಗೇ ಬೈತಾನೂ ಇರ್ತೀನಿ. ಹಾಳಾದವಳು, ತಾನಾಗಿ ಒಂದು ಸಲ ಹಿಂದೆ ತಿರುಗಿ ನೋಡಬಾರದಾ ಅಂತ."

ನಾನು ಜಯಶೀಲಮ್ಮನ ಕಡೆ ನೋಡಿದೆ. "ನಿಮಗೂ ಇದೇನಾ ಬಿದ್ದಿದ್ದು?" ಅವರು ಸೆರಗಿನಿಂದ ಮೂಗು ಒರೆಸಿಕೊಂಡು, "ಎಲ್ಲರಿಗೂ ಇದೇ ಕಣೇ. ಆ ಮನೆಯಲ್ಲಿ ಇದ್ದರೆ ನಮಗೂ ಹೀಗೇ ಬಾಯಿ ಕಟ್ಟಿ ಹೋಗತ್ತೆ ಅಂತ ಜನಕ್ಕೆ ಭಯ. ನಿನ್ನ ಕಂಡು ಯಾರಿಗೂ ಬೇಜಾರಿಲ್ಲ, ಅಯ್ಯೋ ಅನ್ನಿಸತ್ತೆ ಅಷ್ಟೇ" ಅಂದರು.

ಮೊದಲು ಬಂದದ್ದು ಅಳುವಲ್ಲ, ಸಿಟ್ಟು. ಕೆಂಡದಂಥ ಸಿಟ್ಟು. ನಾಲ್ಕು ವರ್ಷ ಈ ಮುದುಕಿ ಬಾಯಿ ಒಣಗಿಸಿಕೊಂಡು ನನ್ನ ಬೆನ್ನು ನೋಡುತ್ತಾ ಮಲಗಿದ್ದರೇ? ಉಪ್ಪಿಲ್ಲ ಅಂತ ತಟ್ಟೆ ತಳ್ಳುವಾಗ ಇದ್ದ ಬಾಯಿ ನೀರು ಕೇಳಲಿಕ್ಕೆ ಎಲ್ಲಿ ಹೋಗಿತ್ತು? ಒಂದು ಮಾತು, "ಸ್ವಲ್ಪ ಕೂತ್ಕೋ ತಾರೀ" ಅಂತ ಒಂದು ಮಾತು ಬಾಯಿ ಬಿಟ್ಟು ಅಂದಿದ್ದರೆ ಇವರ ಗಂಟೇನು ಹೋಗುತ್ತಿತ್ತು? ಅದನ್ನೂ ಹೇಳದೆ, ಮನೆಗೆ ಹೇಳಿ, ಮನೆ ಊರಿನವರಿಗೆ ಹೇಳಿ, ಒಂಬತ್ತು ಮಂದಿ ನನ್ನನ್ನು ನೋಡಿ ಅಯ್ಯೋ ಅನ್ನುವ ಹಾಗೆ ಮಾಡಿದರಲ್ಲ. ಹಾಗೆಲ್ಲ ಗಟ್ಟಿಯಾಗೇ ಅಂದೆ ಅಂತ ಕಾಣುತ್ತದೆ, ಬೀದಿಯಲ್ಲಿ ಹೋಗುತ್ತಿದ್ದವರು ನಿಂತು ನೋಡಿದರು. ಎಸ್ತರ್ ಸಿಸ್ಟರ್ ನನ್ನ ಭುಜದ ಮೇಲೆ ಕೈಯಿಟ್ಟರು. ಮನೆ ಚೆನ್ನಾಗಿದೆ, ಆದರೆ ದಿನಾ ಆಸ್ಪತ್ರೆಯಲ್ಲಿ ಇದನ್ನೇ ನೋಡುವವಳು ನಾನು, ಮನೆಗೆ ಬಂದೂ ಅದೇ ಬೇಡಮ್ಮ ಅಂತ ಹೇಳಿ ಹೊರಟರು.

ಅವರು ಗೇಟು ದಾಟಿದ ಮೇಲೆ ನಾನು ಚಪ್ಪಲಿಯೂ ಇಲ್ಲದೆ ಹಿಂದೆ ಓಡಿದೆ. "ಸಿಸ್ಟರ್, ಇನ್ನೊಂದು ಸಲ ಬಂದು ಮಲಗ್ತೀರಾ? ತಗೊಳ್ಳೋಕಲ್ಲ, ಮನೆ ಬೇಡ ಬಿಡಿ. ಸುಮ್ಮನೆ ಮಲಗಿ, ಸಾಕು."

"ಯಾಕಮ್ಮ?"

"ನನಗೆ ಅವರು ಕಾಣಲ್ಲ. ನಾನು ಮನೆಯವಳು" ಅಂದೆ. ಅವರಿಗೆ ಏನು ಅರ್ಥವಾಯಿತೋ, ಭಾನುವಾರ ಡ್ಯೂಟಿ ಮುಗಿಸಿ ಬರ್ತೀನಿ ಅಂದರು.

ಸಂಜೆ ಗಂಡನಿಗೆ ಹೇಳಿದೆ. ಅವರು ಸೈಕಲ್ಲಿಗೆ ಸ್ಟ್ಯಾಂಡ್ ಹಾಕುವುದನ್ನೂ ಮರೆತು ಹಿಡಿದುಕೊಂಡೇ ಕೇಳಿಸಿಕೊಂಡರು. "ನಮ್ಮಮ್ಮನಾ?" ಅಂದರು. "ನೀನು ಕೂತಿರಲಿ ಅಂತ ನಮ್ಮಮ್ಮ ಸುಮ್ಮನಿದ್ದಳಾ?" ಎರಡು ಮೂರು ಸಲ ಅದನ್ನೇ ಕೇಳಿದರು. ಊಟಕ್ಕೆ ಕರೆದರೆ ಬರಲಿಲ್ಲ. ಒಳಕೋಣೆಯಲ್ಲಿ ಮಂಚ ಇದ್ದ ಜಾಗದಲ್ಲಿ ಕೂತು, ಹಿತ್ತಲ ಬಾಗಿಲಿನ ಕಡೆ ನೋಡುತ್ತಿದ್ದರು. ನಾನಿಟ್ಟ ಡ್ರಮ್ ಅಡ್ಡ ಇತ್ತು. ಎದ್ದು ಹೋಗಿ ಅದನ್ನು ಪಕ್ಕಕ್ಕೆ ಸರಿಸಿ ಬಂದು ಮತ್ತೆ ಕೂತರು.

ಭಾನುವಾರ ಎಸ್ತರ್ ಸಿಸ್ಟರ್ ಬಂದರು. ಹುರುಳಿಕಟ್ಟಿನ ಸಾರು ಮಾಡಿದ್ದೆ, ಉಂಡು ಒಳಕೋಣೆಯಲ್ಲಿ ಮಲಗಿದರು. ಮಲಗಿದ ಕೂಡಲೇ ನಿದ್ದೆ, ರಾತ್ರಿಯೆಲ್ಲ ನಿಂತಿದ್ದ ಜೀವ. ನಾನು ಪದ್ಧತಿ ಮುರಿದು ಒಳಗೇ ಹೋಗಿ ಅವರ ತಲೆಯ ಹತ್ತಿರ ಕೂತೆ. ಬಾಗಿಲಲ್ಲಿ ಜಯಶೀಲಮ್ಮ, "ಮನೆಯವಳು ಹಾಗೆ ಹತ್ರ ಕೂರಬಾರದು ಕಣೇ, ಏನಾಗತ್ತೋ ಏನೋ" ಅಂತ ಪಿಸುಗುಟ್ಟುತ್ತಲೇ ಇದ್ದರು. ಏನು ಬೇಕಾದರೂ ಆಗಲಿ ಅಂತ ನಾನು ಕೇಳಿಸಿಕೊಳ್ಳಲಿಲ್ಲ. ಒಂದು ಲೋಟ ನೀರು, ಒಂದು ಚಮಚ ಪಕ್ಕದಲ್ಲಿಟ್ಟುಕೊಂಡಿದ್ದೆ.

ಸ್ವಲ್ಪ ಹೊತ್ತಿಗೆ ಸಿಸ್ಟರ್ ತುಟಿ ಅಲ್ಲಾಡಿತು. ತೆರೆಯಿತು, ಮತ್ತೆ ಮುಚ್ಚಿತು. ಗಂಟಲಲ್ಲಿ ಒಂದು ಸದ್ದು ಬಂದು ಅಲ್ಲೇ ನಿಂತಿತು. ಕಣ್ಣು ಮುಚ್ಚಿದ್ದರೂ ಮುಖ ಹಿತ್ತಲ ಬಾಗಿಲಿನ ಕಡೆಗೇ ತಿರುಗಿತ್ತು. ಮತ್ತೆ ತುಟಿ ತೆರೆಯಿತು, ಮತ್ತೆ ಮುಚ್ಚಿತು. ನಾಲ್ಕು ವರ್ಷ ಹೀಗೇ ಅಲ್ಲವೇ ಅನ್ನಿಸಿತು. ನಾನು ಬಗ್ಗಿ ಅವರ ಕಿವಿಯ ಹತ್ತಿರ ಹೇಳಿದೆ, "ಕರೀರಿ ಅತ್ತೆ. ನಾನು ಕೂತು ಕೂತು ಆಯ್ತು. ಎಷ್ಟು ಅಂತ ಕೂರಲಿ? ಕರೀರಿ."

ತುಟಿ ತೆರೆಯಿತು. ಮುಚ್ಚಲಿಲ್ಲ.

"ತಾರೀ." ನರ್ಸಮ್ಮನ ದಪ್ಪ ದನಿಯೇ, ಆದರೆ ಎಳೆತ ನಮ್ಮತ್ತೆಯದು. "ಏ ತಾರೀ, ಸತ್ತೋದ್ಯೇನೇ? ಗಂಟಲು ಒಣಗ್ತಾ ಇದೆ."

"ಬಂದೆ" ಅಂದೆ. ಬಾಗಿಲಲ್ಲಿ ಜಯಶೀಲಮ್ಮ ಬಾಯಿಗೆ ಸೆರಗು ಒತ್ತಿಕೊಂಡರು. ನಾನು ಒಂದು ಕೈಯಲ್ಲಿ ತಲೆ ಎತ್ತಿ ಹಿಡಿದು, ಹನ್ನೊಂದು ವರ್ಷದ ಅಭ್ಯಾಸ ನೋಡಿ, ಒಂದು ತೊಟ್ಟೂ ಚೆಲ್ಲದ ಹಾಗೆ ಚಮಚದಲ್ಲಿ ನೀರು ಕುಡಿಸಿದೆ. ಒಂದಾದ ಮೇಲೊಂದು ಕುಡಿದರು. ಲೋಟ ಮುಗಿಯುತ್ತಾ ಬಂದಾಗ ತುಟಿ ಬಿಗಿದು, "ಸಾಕು. ಹೋಗು, ಕೂತ್ಕೋ ಹೋಗು" ಅಂದರು. ಆಮೇಲೆ ಮಗ್ಗುಲು ಬದಲಿಸಿದರು, ತಾವಾಗಿಯೇ, ಯಾರ ಸಹಾಯವೂ ಇಲ್ಲದೆ. ಗೊರಕೆ ಶುರುವಾಯಿತು.

ಸಂಜೆಯ ತನಕ ಎಸ್ತರ್ ಸಿಸ್ಟರ್ ಏಳಲಿಲ್ಲ. ಎದ್ದಾಗ ಮುಖ ತಿಳಿಯಾಗಿತ್ತು. "ಅಜ್ಜಿ ನೀರು ಕುಡಿದರು" ಅಂದರು. "ಆಮೇಲೆ ಏನೂ ಇಲ್ಲ. ಒಳ್ಳೇ ನಿದ್ದೆ, ಅಷ್ಟೇ." ಜಯಶೀಲಮ್ಮ ನಂಬಲಿಲ್ಲ. ಮಾರನೇ ದಿನ ಮಧ್ಯಾಹ್ನ ತಮ್ಮ ತಲೆದಿಂಬು ತಂದು ತಾವೇ ಮಲಗಿ ಎದ್ದು, "ಬಿತ್ತೂ ಇಲ್ಲ ಗಿತ್ತೂ ಇಲ್ಲ! ಖಾಲಿ! ಮೊನ್ನೆ ಕಟ್ಟಿಸಿದ ಮನೆ ಹಾಗಿದೆ ಕಣೇ!" ಅಂತ ನನ್ನ ಎರಡೂ ಕೈ ಹಿಡಿದು ಕುಲುಕಿದರು. ಖಾಲಿ ಮನೆ ಅಂದರೆ ನಮ್ಮೂರಲ್ಲಿ ಜನ ಮುಗಿಬೀಳುತ್ತಾರೆ. ನಾನು ಯಾರಿಗೂ ಕೊಡದೆ ಎಸ್ತರ್ ಸಿಸ್ಟರಿಗೇ ಕೊಟ್ಟೆ. ಕಾರ್ತಿಕ ಮುಗಿಯಲು ನಾಲ್ಕು ದಿನ ಇರುವಾಗ ಕಾಗದಕ್ಕೆ ರುಜು ಹಾಕಿದೆವು. ಕಮಲಾಕ್ಷಣ್ಣ ಮೇಲಿನ ಕೋಣೆಗಳ ಕೀ ಕೊಟ್ಟರು, ಅಳಿಯನ ಮುಖ ನೋಡುವ ಹಾಗಿರಲಿಲ್ಲ.

ಸಾಮಾನು ಸಾಗಿಸಿದ ದಿನ ಎಲ್ಲ ಮುಗಿದು, ಕೈಗಾಡಿಯ ಮೇಲೆ ಹೊಲಿಗೆ ಮೆಷಿನ್ ಒಂದು ಕೊನೆಗೆ ಹೇರಿ ಹಗ್ಗ ಬಿಗಿಯುತ್ತಿದ್ದೆವು. ಮಧ್ಯಾಹ್ನದ ಬಿಸಿಲು. ನನ್ನ ಗಂಡ ಹಗ್ಗ ಕೈಯಲ್ಲಿ ಹಿಡಿದುಕೊಂಡೇ ನಿಂತುಬಿಟ್ಟರು.

"ತಾರಾ, ಈಗ ನಾವು ಈ ಮನೆಯವರಲ್ಲ, ಅಲ್ವಾ?"

"ಅಲ್ಲ."

"ಹಾಗಾದ್ರೆ ಮಲಗಿದ್ರೆ ನಮಗೂ ಬೀಳತ್ತೆ."

ಜಯಶೀಲಮ್ಮ ಹೇಳಿದ್ದು ಇವರಿಗೂ ಗೊತ್ತಿತ್ತು. ನಾನೇ ಹೇಳಿದ್ದೆ, ಮನೆ ಖಾಲಿಯಾಗಿದೆ ಅಂತ. ಆದರೂ ಅವರ ಮುಖ ನೋಡಿ ಅದನ್ನು ಮತ್ತೆ ಹೇಳಲು ನನಗೆ ಬಾಯಿ ಬರಲಿಲ್ಲ. "ನೀವೇ ಮಲಗಿ ನೋಡಿ" ಅಂದೆ. ಅವರು ತಲೆ ಅಲ್ಲಾಡಿಸಿದರು. "ನನಗೆ ಧೈರ್ಯ ಇಲ್ಲ ಕಣೇ. ಹನ್ನೊಂದು ವರ್ಷ ನಾನು ಟ್ಯಾಂಕಿನ ಹತ್ರ ಇದ್ದೆ. ನೀನು ಮಲಗು. ಏನಾದ್ರೂ ಉಳಿದಿದ್ರೆ ನಿನಗೆ ಕಾಣಿಸ್ತಾಳೆ."

ಎಸ್ತರ್ ಸಿಸ್ಟರನ್ನು ಕೇಳಿ ಒಳಕೋಣೆಗೆ ಹೋದೆ. ಅವರ ಹೊಸ ಮಂಚ ಬಂದಿರಲಿಲ್ಲ, ನೆಲದ ಮೇಲೆ ಅವರದೇ ಚಾಪೆ ಹಾಸಿಕೊಟ್ಟರು. ಮಲಗಿದೆ. ಮದುವೆಯಾಗಿ ಬಂದಮೇಲೆ ಈ ಮನೆಯಲ್ಲಿ ನಾನು ಮಧ್ಯಾಹ್ನ ಮಲಗಿದ್ದು ಅದೇ ಮೊದಲು. ಅತ್ತೆ, ಒಂದೇ ಒಂದು ಸಲ, ನಿಮ್ಮ ಬಾಯಾರಿಕೆಯಾದರೂ ಸರಿ, ಬೈಗುಳವಾದರೂ ಸರಿ, ನನಗೂ ಬೀಳಲಿ ಅಂತ ಕೇಳಿಕೊಂಡೆ. ಕಣ್ಣು ಮುಚ್ಚಿದ್ದೊಂದು ಗೊತ್ತು. ಎದ್ದಾಗ ಕಿಟಕಿಯ ಬಿಸಿಲು ನೆಲ ಬಿಟ್ಟು ಗೋಡೆ ಹತ್ತಿತ್ತು. ಏನೂ ಬಿದ್ದಿರಲಿಲ್ಲ. ಒಂದು ದನಿಯಿಲ್ಲ, ಒಂದು ಬಾಗಿಲಿಲ್ಲ. ನಾನೇ ನೀರು ಕುಡಿಸಿ ಕಳಿಸಿಬಿಟ್ಟಿದ್ದೆ. ಊರವರೆಲ್ಲ ನೋಡಿದ್ದನ್ನು ನಾನೊಬ್ಬಳು ನೋಡಲಿಲ್ಲ ಅಂತ ಚಾಪೆಯ ಮೇಲೆ ಕೂತು ಸದ್ದಿಲ್ಲದೆ ಅತ್ತುಬಿಟ್ಟೆ. ಆಮೇಲೆ ಮುಖ ತೊಳೆದುಕೊಂಡು ಹೊರಗೆ ಬಂದೆ.

ಇವರು ಗಾಡಿಯ ಪಕ್ಕ ಬಿಸಿಲಲ್ಲೇ ನಿಂತಿದ್ದರು, ನೆರಳಿಗೂ ಸರಿದಿರಲಿಲ್ಲ.

"ಕಂಡಳಾ?"

"ಹೂಂ."

"ಏನಂದ್ಲು?"

"ಬೈದರು" ಅಂದೆ. "ಉಪ್ಪಿಲ್ಲ ಅಂತ."

ಇವರು ನಕ್ಕರು. ಮನೆಗೆ ಕೇಳಿಸಲಿ ಅಂತ ಪೇಪರ್ ಓದುತ್ತಾ ನಕ್ಕ ಹಾಗಲ್ಲ, ನಿಜವಾಗಿ, ಹೆಗಲು ಕುಣಿಯುವ ಹಾಗೆ. ನಗುತ್ತಾ ಕಣ್ಣು ಒರೆಸಿಕೊಂಡು, "ನೋಡ್ದ್ಯಾ, ಇನ್ನೂ ಅಷ್ಟೇ ಅವಳು" ಅಂತ ಗಾಡಿಯ ಮೂಕಿ ಎತ್ತಿದರು. ನಾನು ಹಿಂದಿನಿಂದ ತಳ್ಳಿದೆ.